ಪಾಂಪೆಯ ಕಟ್ಟೆ, ಅಣ್ಣಿಗೇರಿಯ ಮಿರ್ಚಿ

ಬಹಳ ದಿನಗಳಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಡ್ರಾಫ್ಟಿನಲ್ಲೇ ಕೊಳೆಯುತ್ತಾ ಬಿದ್ದಿತ್ತು. ಮೊನ್ನೆ ಆಫೀಸಿನಲ್ಲಿ ಬಿಲ್ಡ್ ಮುಗಿಯೋದನ್ನ ಕಾಯ್ತಾ ಕೂತಾಗ ಮತ್ತೆ ತೆಗೆದು ನೋಡಿದೆ. ಇವತ್ತು ಮುಗಿಸಿಯೇ ಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ :)

2020ರ ಡಿಸೆಂಬರ್. ಕೊರೊನಾ ದೆಸೆಯಿಂದ ವರ್ಕ್ ಫ್ರಮ್ ಹೋಮ್ ಅಂತ ನಾನು ಊರಲ್ಲೇ ಇದ್ದೆ. ನಮ್ಮೂರು ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿ (ಈಗ ಅಣ್ಣಿಗೇರಿಯೇ ತಾಲೂಕು, ಮೊದಲು ನವಲಗುಂದ ತಾಲೂಕಿನಲ್ಲಿತ್ತು). ಆಗ ಇಟಲಿಯ ಪಾಂಪೆಯಿಂದ ಒಂದು ಸುದ್ದಿ ಬಂತು, ನೆನಪಿದೆಯಾ? ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರು ಅದು. ಅಲ್ಲಿ ಬೀದಿ ಮೂಲೆಯ ಒಂದು ತಿಂಡಿ ಅಂಗಡಿಯನ್ನು ಇಡಿಯಾಗಿ ಅಗೆದು ತೆಗೆದಿದ್ದರು. ಇಂಥ ಅಂಗಡಿಗೆ ಥರ್ಮೋಪೋಲಿಯಂ ಅಂತ ಹೆಸರು. ಎಲ್ ಆಕಾರದ ಗಾರೆಯ ಕಟ್ಟೆ, ಕಟ್ಟೆಯೊಳಗೆ ದುಂಡನೆಯ ತೂತುಗಳು, ತೂತಿನೊಳಗೆ ಹೂತಿಟ್ಟ ಮಣ್ಣಿನ ಗಡಿಗೆಗಳು. ಕಟ್ಟೆಯ ಮುಂಭಾಗಕ್ಕೆ ಬಣ್ಣದ ಚಿತ್ರ: ಬಾತುಕೋಳಿ, ಹುಂಜ, ಹಗ್ಗ ಕಟ್ಟಿದ ನಾಯಿ. ನಾಯಿ ಚಿತ್ರದ ಅಂಚಿಗೆ ಯಾರೋ ಒಂದು ಹೊಲಸು ಬೈಗುಳ ಬೇರೆ ಕೆತ್ತಿದ್ದಾರೆ. ನಮ್ಮ ಬಸ್ ಸ್ಟ್ಯಾಂಡ್ ಗೋಡೆಗಳಿಗೆ ಎರಡು ಸಾವಿರ ವರ್ಷದ ಪರಂಪರೆ ಇದೆ ಅಂತಾಯ್ತು. ಗಡಿಗೆಗಳ ತಳದಲ್ಲಿ ಬಾತುಕೋಳಿ, ಹಂದಿ, ಆಡು, ಮೀನು, ಬಸವನಹುಳು ಇವುಗಳ ಅವಶೇಷ ಸಿಕ್ಕಿತು.

ಫೋಟೋ ನೋಡಿದ ಕೂಡಲೇ ನನಗೆ ಅನಿಸಿದ್ದು, ಇದು ಥೇಟ್ ನಮ್ಮ ಅಣ್ಣಿಗೇರಿ ಬಸ್ ಸ್ಟ್ಯಾಂಡ್ ಹತ್ತಿರದ ಮಿರ್ಚಿ ಅಂಗಡಿ! ಅದೇ ರಸ್ತೆಗೆ ಮುಖ ಮಾಡಿದ ಕಟ್ಟೆ, ನಿಂತುಕೊಂಡೇ ತಿನ್ನುವ ಜನ, ಹಿಂದೆ ಬೆಂಕಿ.

ಪಾಂಪೆಯಲ್ಲಿ ಇಂಥ ಅಂಗಡಿಗಳು ನೂರೈವತ್ತರ ಆಸುಪಾಸು ಸಿಕ್ಕಿವೆ. ಅಷ್ಟೊಂದು ಯಾಕೆ? ಬಡವರಿಗೆ ಮನೆಯಲ್ಲಿ ಒಲೆ ಇರಲಿಲ್ಲ, ಅದಕ್ಕೆ. ರೋಮ್‌ನಂಥ ಊರಲ್ಲಿ ಅವರು ಇರುತ್ತಿದ್ದದ್ದು ಐದಾರು ಅಂತಸ್ತಿನ ವಠಾರಗಳಲ್ಲಿ. ಒಂದು ಕೋಣೆಯಲ್ಲಿ ಒಂದು ಸಂಸಾರ. ಒಲೆ ಹಚ್ಚಿದರೆ ಇಡೀ ವಠಾರವೇ ಸುಟ್ಟುಹೋಗುವ ಭಯ. ಹಾಗಾಗಿ ಬಿಸಿ ಊಟ ಬೇಕಂದರೆ ಬೀದಿಗೇ ಇಳಿಯಬೇಕು. ಶ್ರೀಮಂತರು ಮನೆಯಲ್ಲಿ ಮಲಗಿಕೊಂಡು ಊಟ ಮಾಡುತ್ತಿದ್ದರು, ಅಂಗಡಿಯಲ್ಲಿ ತಿನ್ನುವವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಚಕ್ರವರ್ತಿಗಳಿಗಂತೂ ಈ ಅಂಗಡಿಗಳ ಮೇಲೆ ವಿಚಿತ್ರ ಸಿಟ್ಟು. ಕ್ಲಾಡಿಯಸ್ ಬೇಯಿಸಿದ ಮಾಂಸ, ಬಿಸಿನೀರು ಮಾರಬೇಡಿ ಅಂದ. ನೀರೋ ಬಂದು ಕಾಳು ಮತ್ತು ಸೊಪ್ಪು ಬಿಟ್ಟು ಬೇರೇನೂ ಬೇಯಿಸಿ ಮಾರಬೇಡಿ ಅಂದ. ವೆಸ್ಪೇಸಿಯನ್ ಬರೀ ಕಾಳು ಸಾಕು ಅಂದ. ಮತ್ತೆ ಮತ್ತೆ ಕಾನೂನು ತರಬೇಕಾಯ್ತು ಅಂದರೆ ಯಾರೂ ಕೇಳಲಿಲ್ಲ ಅಂತಲೇ ಅರ್ಥ ಅಲ್ವಾ?

ಇಟಲಿಯ ಇಸೆರ್ನಿಯಾ ಅನ್ನೋ ಊರಿನಲ್ಲಿ ಸಿಕ್ಕ ಒಂದು ಕಲ್ಲು ನನಗೆ ಭಾಳ ಇಷ್ಟ. ಅದರಲ್ಲಿ ಹೊರಟು ನಿಂತ ಪ್ರಯಾಣಿಕ ಮತ್ತು ವಸತಿ ಅಂಗಡಿಯವರ ನಡುವಿನ ಬಿಲ್ ಲೆಕ್ಕ ಇದೆ. ವೈನ್ ಮತ್ತು ರೊಟ್ಟಿಗೆ ಒಂದು ಆಸ್ (ಅವರ ಚಿಲ್ಲರೆ ನಾಣ್ಯ), ಜೊತೆಗೆ ನಂಜಿಕೊಂಡದ್ದಕ್ಕೆ ಎರಡು, ಹೇಸರಗತ್ತೆಯ ಹುಲ್ಲಿಗೆ ಎರಡು, ರಾತ್ರಿಯ ಹುಡುಗಿಗೆ ಎಂಟು. ಅವನು ಎಲ್ಲದಕ್ಕೂ ಒಪ್ಪಿ, ಕೊನೆಗೆ ಈ ಹೇಸರಗತ್ತೆ ನನ್ನನ್ನು ದಿವಾಳಿ ಎಬ್ಬಿಸುತ್ತೆ ಅಂತ ಗೊಣಗುತ್ತಾನೆ! ಪಲ್ಯದ ರೇಟಿಗೇ ಹುಲ್ಲು. ಇದನ್ನು ಅಜ್ಜನಿಗೆ ಹೇಳಿದೆ (ಹುಡುಗಿಯ ಲೆಕ್ಕ ಬಿಟ್ಟು). ಅಜ್ಜ ನಕ್ಕು, "ಖರೇ ಐತಿ. ಎತ್ತಿಗೆ ಕಣಿಕಿ ಮನಿಯಿಂದನ ಹೇರಿಕೊಂಡು ಹೋಗಬೇಕು. ಪ್ಯಾಟ್ಯಾಗ ಕೊಂಡ್ರ ಮುಗೀತು" ಅಂದ.

"ಮತ್ತ ನಿಮಗ? ನೀವು ಹೋಟೆಲ್ದಾಗ ಉಣ್ತಿದ್ರೇನು?"

"ಹೋಟೆಲ್ಲಾ? ಬುತ್ತಿ ಇರ್ತಿತ್ತಲ್ಲೋ ತಮ್ಮಾ. ರೊಕ್ಕಾ ಕೊಟ್ಟು ಕೂಳು ಉಣ್ಣೂದಂದ್ರ ಆವಾಗ ಮರ್ಯಾದಿ ಅಲ್ಲ."

ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಯೋಚನೆ ಮಾಡಿ ನೋಡಿ, ನಮ್ಮ ಉತ್ತರ ಕರ್ನಾಟಕದ ಅಡಿಗೆಯಲ್ಲಿ ಅರ್ಧಕ್ಕರ್ಧ ಪ್ರಯಾಣದ ಅಡಿಗೆ. ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಎಲ್ಲಾ ಪುಡಿ, ಒಂದು ಹನಿ ನೀರಿಲ್ಲ. ಕೆಂಪು ಖಾರ, ಉಳ್ಳಾಗಡ್ಡಿ. ಒಲೆ ಬೇಡ, ತಟ್ಟೆ ಬೇಡ, ರೊಟ್ಟಿಯೇ ತಟ್ಟೆ. ಬಟ್ಟೆಯಲ್ಲಿ ಕಟ್ಟಿಕೊಂಡರೆ ಚಕ್ಕಡಿಯಲ್ಲಿ ನಾಲ್ಕು ದಿನ ಆರಾಮ. ರೋಮಿನ ಬಡವ ಒಲೆ ಇಲ್ಲದೆ ಬೀದಿಗೆ ಬಂದ. ನಮ್ಮ ರೈತ ಬೀದಿಗೆ ಬಂದಾಗಲೂ ಮನೆಯ ಒಲೆಯನ್ನೇ ಬಗಲಲ್ಲಿ ಕಟ್ಟಿಕೊಂಡು ಬಂದ.

ಅದೇನು ಸಣ್ಣ ಪ್ರಯಾಣವೂ ಅಲ್ಲ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ಸಿಗದೇ ಹೋದಾಗ ಧಾರವಾಡದ ಎರೆ ಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. ರೈಲು ಇನ್ನೂ ಬಂದಿರಲಿಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಹತ್ತಿ ಚಕ್ಕಡಿಗಳಲ್ಲಿ ಹುಬ್ಬಳ್ಳಿಗೆ ಬಂದು, ಮುಂದೆ ಘಟ್ಟ ಇಳಿದು ಕುಮಟಾ, ಕಾರವಾರದ ಬಂದರಿಗೆ ಹೋಗಬೇಕು. ಕಲಘಟಗಿ ಇರುವುದು ಆ ಕಾರವಾರದ ದಾರಿಯಲ್ಲೇ. ಬೆಳೆದದ್ದು ನಮ್ಮ ನೆಲದಲ್ಲಾದರೂ ಹೊರದೇಶದ ಪೇಟೆಯಲ್ಲಿ ಈ ಹತ್ತಿಗೆ 'ಕುಮಟಾ ಹತ್ತಿ' ಅಂತಲೇ ಹೆಸರಾಯ್ತು, ಹಡಗು ಹತ್ತಿದ ಊರಿನ ಹೆಸರು! ಅಷ್ಟು ದೂರದ ದಾರಿಯಲ್ಲಿ ಗಾಡಿ ಹೊಡೆಯುವವರ ಹೊಟ್ಟೆ ತುಂಬಿಸಿದ್ದು ಬುತ್ತಿಯೇ.

ಬುತ್ತಿ ಇಲ್ಲದವರು? ಅವರಿಗೆ ಮಠ, ಗುಡಿ, ಛತ್ರ. ನಮ್ಮ ಹಳೆಯ ಶಾಸನಗಳನ್ನು ನೋಡಿದರೆ ಸತ್ರಕ್ಕೆ ಭೂಮಿ ಬಿಟ್ಟದ್ದು, ಅರವಟ್ಟಿಗೆಗೆ ದತ್ತಿ ಕೊಟ್ಟದ್ದು ಮತ್ತೆ ಮತ್ತೆ ಬರುತ್ತದೆ. ಇದರಲ್ಲಿ ಅತ್ಯಂತ ಸೊಗಸಾದದ್ದು ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಮತದ ಸನ್ಯಾಸಿಗಳು, ಹೀಗೆ ಯಾರು ಯಾರಿಗೆಲ್ಲ ಅಲ್ಲಿ ಊಟ ಸಿಗುತ್ತದೆ ಅಂತ ಒಂದು ಉದ್ದ ಪಟ್ಟಿಯೇ ಇದೆ. ರೋಗಿಗಳಿಗೆ ಔಷಧವೂ ಅಲ್ಲೇ. ಶರಣರ ದಾಸೋಹ ಕೂಡ ಇದೇ ಶತಮಾನದ್ದು. ಇವತ್ತಿಗೂ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಹೋಗಿ ಪಂಕ್ತಿಯಲ್ಲಿ ಕೂತರೆ ನಿನ್ನ ಹೆಸರೇನು ಅಂತಲೂ ಯಾರೂ ಕೇಳುವುದಿಲ್ಲ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ದೊಡ್ಡವರಾದವರ ಲೆಕ್ಕ ಇಟ್ಟವರಿಲ್ಲ. ಅಂದರೆ ಹಸಿದವನಿಗೆ ಅನ್ನ ಕೊಡಬೇಕು, ಮಾರಬಾರದು. ಅಜ್ಜನ 'ಮರ್ಯಾದಿ'ಯ ಬೇರು ಇಲ್ಲಿದೆ ಅಂತ ನನ್ನ ಅನಿಸಿಕೆ.

ಹಾಗಂತ ತಿಂಡಿಗಳೇ ಇರಲಿಲ್ಲ ಅಂತಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಕಟ್ಟಿದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ. ಅದೇ ವಂಶದ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ವಡೆ, ಪೂರಿ, ದೋಸೆ, ಮಂಡಿಗೆ ಎಲ್ಲವೂ ಇವೆ. ಇಡ್ಲಿಯ ಹಿರಿಯಜ್ಜ 'ಇಡ್ಡರಿಕಾ' ಕೂಡ ಇದೆ, ಅಕ್ಕಿ ಇಲ್ಲದೆ ಬರೀ ಉದ್ದಿನಲ್ಲಿ ಮಾಡಿದ್ದು. ಆದರೆ ಅದು ಅರಮನೆಯ ಅಡಿಗೆ, ಸಂತೆಯದ್ದಲ್ಲ. ಇನ್ನೊಂದು ತಮಾಷೆ ಅಂದರೆ ಆ ಪುಸ್ತಕದಲ್ಲಿ ಖಾರಕ್ಕೆ ಕರಿಮೆಣಸೇ ಗತಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರು ಬಂದ ಮೇಲೆ, ಅಂದರೆ 1498ರ ನಂತರ ನಮ್ಮಲ್ಲಿಗೆ ಬಂದದ್ದು. ಶೇಂಗಾ ಕೂಡ ಅಲ್ಲಿಂದಲೇ. ಹಾಗಾಗಿ ಪಂಪನಿಗಾಗಲಿ ಬಸವಣ್ಣನವರಿಗಾಗಲಿ ಮಿರ್ಚಿ ಭಜಿ ಗೊತ್ತಿರಲಿಲ್ಲ, ಶೇಂಗಾ ಚಟ್ನಿಯೂ ಗೊತ್ತಿರಲಿಲ್ಲ. ಪಂಪನ ತಾಯಿಯ ತವರೂರು ಅಣ್ಣಿಗೇರಿ ಅಂತ ಶಾಸನವೇ ಹೇಳುತ್ತೆ. ಆ ಊರಿಗೆ ಹೋಗಿಯೂ ಮಿರ್ಚಿ ತಿನ್ನದೆ ಬರುವುದು ಅಂದರೆ... ಅಯ್ಯೋ ಪಾಪ :( ಕಡ್ಲಿ ಹಿಟ್ಟು, ಕುಸುಬಿ ಎಣ್ಣೆ ಇದ್ದವು. ಕಾಯಿ ಒಂದು ಬರಬೇಕಿತ್ತು, ಸಮುದ್ರ ದಾಟಿ.

ಈಗ ಖುಷಿಯಲ್ಲದ ಭಾಗ. ಮನೆಯ ಹೊರಗೆ ಉಣ್ಣುವುದಕ್ಕೆ ನಮ್ಮ ಕಡೆ ಇನ್ನೊಂದು ನೆನಪೂ ಅಂಟಿಕೊಂಡಿದೆ, ಗಂಜಿ. 1791-92ರ ಡೋಜಿ ಬರದಲ್ಲಿ ಸತ್ತವರನ್ನು ಹೂಳುವವರೂ ಇರಲಿಲ್ಲವಂತೆ, ತಲೆಬುರುಡೆಗಳು ಬಯಲಲ್ಲೇ ಬಿದ್ದಿದ್ದಕ್ಕೆ ಆ ಹೆಸರು. ಅದಾದ ಮೇಲಿನ ದೊಡ್ಡ ಹೊಡೆತ 1876-78ರ ಬರ. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ ಜಿಲ್ಲೆ ಪೂರ್ತಿ ಬೆಂದುಹೋಯ್ತು. ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತು, ಕೆರೆ ಅಗಿ, ರಸ್ತೆಗೆ ಕಲ್ಲು ಒಡಿ ಅಂತ. 1877ರಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಬಂದು ಅದರ ಕೂಲಿಯನ್ನೂ ಇಳಿಸಿದ. ದೊಡ್ಡ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದು ಆಣೆ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಮ್ಮಿ, ಅದೂ ದಿನವಿಡೀ ಕಲ್ಲು ಒಡೆಯುವವನಿಗೆ. ಸಾವಿರಾರು ಜನ ಕೆಲಸ ಬಿಟ್ಟು ಮುಷ್ಕರ ಹೂಡಿದರು. ಕೆಲಸ ಮಾಡಲೂ ತ್ರಾಣ ಇಲ್ಲದವರಿಗೆ ಬೇಯಿಸಿದ ಅನ್ನ, ಸಾಲಿನಲ್ಲಿ ನಿಂತು. ತಿಂದುಂಡು ಬದುಕಿದ ಮನೆತನಗಳಿಗೆ ಕೈಯೊಡ್ಡಿ ನಿಲ್ಲುವ ಪರಿಸ್ಥಿತಿ ಬಂತು. 'ಹೊರಗ ಉಣ್ಣೂದು' ಅನ್ನೋ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಇರುವ ಕಸಿವಿಸಿಗೆ ಇದೂ ಒಂದು ಕಾರಣ ಇದ್ದೀತು.

ವಿಚಿತ್ರ ಏನಂದರೆ, ದುಡ್ಡು ಕೊಟ್ಟು ಉಣ್ಣುವ ಜಾಗ ಬಂದದ್ದೂ ಅದೇ ಬರದ ದೆಸೆಯಿಂದಲೇ. ಬರ ಬಂದಾಗ ಧಾನ್ಯ ಸಾಗಿಸಲು ರೈಲು ಬೇಕು ಅಂತ ಯೋಜನೆ ಆಗಿ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕ ಮುಗಿಯುವುದರೊಳಗೆ ಗದಗ-ಹುಬ್ಬಳ್ಳಿ ಹಳಿ ಬಿತ್ತು, ಅಣ್ಣಿಗೇರಿ ಆ ಹಳಿಯ ಮೇಲಿನ ಸ್ಟೇಷನ್. ಆಮೇಲೆ ಬೆಂಗಳೂರಿನ ದಾರಿಯಲ್ಲಿ ಕುಂದಗೋಳಕ್ಕೂ ಸ್ಟೇಷನ್ ಆಯ್ತು. ನವಲಗುಂದಕ್ಕೆ ಇಲ್ಲ, ಕಲಘಟಗಿಗೂ ಇಲ್ಲ (ಇವತ್ತಿಗೂ ಇಲ್ಲ, ನಮ್ಮ ನವಲಗುಂದದ ಸಂಬಂಧಿಕರ ಮುಂದೆ ಈ ಮಾತು ಎತ್ತಬೇಡಿ). ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್, ಹತ್ತಿ ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ. ಧಾರವಾಡದಲ್ಲಿ ಕೋರ್ಟು, ಕಚೇರಿ, 1917ರಲ್ಲಿ ಕರ್ನಾಟಕ ಕಾಲೇಜು. ಮನೆ ಬಿಟ್ಟು ಬಂದು ತಿಂಗಳುಗಟ್ಟಲೆ ಒಂಟಿಯಾಗಿರುವ ಗಂಡಸು ಅನ್ನೋ ಹೊಸ ಪ್ರಾಣಿ ಹುಟ್ಟಿಕೊಂಡಿತು. ಬುತ್ತಿ ನಾಲ್ಕು ದಿನಕ್ಕೆ ಸೈ, ನಾಲ್ಕು ತಿಂಗಳಿಗೆ ಹೇಗೆ? ಹುಟ್ಟಿದ್ದೇ ಖಾನಾವಳಿ.

ಖಾನಾವಳಿ ಅನ್ನೋ ಶಬ್ದ ಮರಾಠಿಯಿಂದ ಬಂದದ್ದು. ಮುಂಬೈಯಲ್ಲಿ ಮಿಲ್ ಕಾರ್ಮಿಕರಿಗೆ ತಮ್ಮ ಚಾಳಿನ ಕೋಣೆಯಲ್ಲೇ ಅಡಿಗೆ ಮಾಡಿ ಹಾಕುತ್ತಿದ್ದ ಹೆಂಗಸರದ್ದೂ ಖಾನಾವಳಿಯೇ. 1975ರಲ್ಲಿ ಅವರೆಲ್ಲ ಸೇರಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿಕೊಂಡರು. ನಮ್ಮ ಕಡೆಯ ಖಾನಾವಳಿಯೂ ಮೂಲದಲ್ಲಿ ಮನೆಯೇ. ಪಡಸಾಲೆಯಲ್ಲಿ ನಾಲ್ಕು ಮಣೆ, ಒಳಗೆ ಬಡಿಯುವ ರೊಟ್ಟಿಯ ಸಪ್ಪಳ. ಬೋರ್ಡುಗಳನ್ನು ಓದಿ ನೋಡಿ: ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಫಳಾರ, ಮಾಂಸ ಬೇಕಾದವರಿಗೆ ನೇಕಾರ ಎಸ್‌ಎಸ್‌ಕೆ ಸಮಾಜದವರ ಸಾವಜಿ. ಅಂದರೆ ದುಡ್ಡು ಕೊಟ್ಟು ಉಂಡರೂ ಅಡಿಗೆ ಮಾಡಿದವರು ಯಾರು, ಪಕ್ಕದಲ್ಲಿ ಕೂತವರು ಯಾರು ಅನ್ನೋದು ಬೋರ್ಡಿನ ಮೇಲೇ ಇತ್ತು. ಬುತ್ತಿಯ ಗಂಟಿಗೆ ಇದ್ದ ಭರವಸೆಯನ್ನು ಬೋರ್ಡು ಕೊಡಬೇಕಿತ್ತು.

ನಮ್ಮಪ್ಪ 80ರ ದಶಕದಲ್ಲಿ ಧಾರವಾಡದಲ್ಲಿ ಓದುವಾಗ ಖಾನಾವಳಿಗೆ ತಿಂಗಳ ಕೂಪನ್ ಹಚ್ಚಿದ್ದರು. ರೊಟ್ಟಿಗೆ ಲೆಕ್ಕ ಇಲ್ಲ. ಪರೀಕ್ಷೆ ಟೈಮಿನಲ್ಲಿ ಆ ಅವ್ವ ಕೇಳದೇ ಒಂದು ಮಿಳ್ಳಿ ತುಪ್ಪ ಹಾಕುತ್ತಿದ್ದಳಂತೆ. ಅಪ್ಪ ಇವತ್ತಿಗೂ ಯಾವ ಹೋಟೆಲಿಗೆ ಹೋದರೂ ಮೊದಲು ಕೇಳುವುದು "ರೊಟ್ಟಿ ಬಿಸಿ ಅದಾವೇನ್ರಿ?" ಬೆಂಗಳೂರಿನ ಮಾಲ್‌ನ ಫುಡ್ ಕೋರ್ಟಿನಲ್ಲೂ ಕೇಳಿ ನನ್ನ ಮರ್ಯಾದೆ ತೆಗೆದಿದ್ದಾರೆ.

ಹಳ್ಳಿಗೆ ಬಂದದ್ದು ಖಾನಾವಳಿ ಅಲ್ಲ, ಚಾದಂಗಡಿ. ಚಹಾ ಕಂಪನಿಗಳು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ರೈಲ್ವೆ ಸ್ಟೇಷನ್ನುಗಳಲ್ಲಿ, ಸಂತೆಗಳಲ್ಲಿ ಚಹಾ ಮಾಡಿ ಕೊಟ್ಟು ರೂಢಿ ಹಚ್ಚಿದವು. ಪುಡಿ ಜಾಸ್ತಿ ಹಾಕಿ ಅಂತ ಅವರು, ಹಾಲು ಸಕ್ಕರೆ ಜಾಸ್ತಿ ಹಾಕಿದ್ದು ನಮ್ಮವರು. ಚಹಾದ ಜೊತೆ ಭಜಿ, ಚುರಮರಿ, ಗಿರಮಿಟ್. ನವಲಗುಂದದ ರಾಮಲಿಂಗ ಕಾಮಣ್ಣನ ಹೋಳಿ ಇರಲಿ, ಯಮನೂರಿನ ಜಾತ್ರೆ ಇರಲಿ, ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತ ಇರಲಿ, ಹೊರಗೆ ಒಂದು ಕಡಾಯಿ ಉರಿಯುತ್ತಲೇ ಇರಬೇಕು. ಊಟ ಅಲ್ಲ, ಬರೀ 'ಬಾಯಾಡಿಸೂದು', ಆದ್ದರಿಂದ ಅಜ್ಜನ ಮರ್ಯಾದೆಗೂ ಧಕ್ಕೆ ಇಲ್ಲ!

ಮತ್ತೆ ರೋಮಿಗೆ ಒಂದು ಸಲ ಹೋಗಿ ಬರೋಣ. ಜುವೆನಲ್ ಅನ್ನೋ ಕವಿ, ಮಹಾ ಸಿಡುಕ, ಒಂದು ಕಡೆ ಓಸ್ಟಿಯಾ ಬಂದರಿನ ಹೆಂಡದಂಗಡಿಯನ್ನು ಬಯ್ಯುತ್ತಾನೆ. ಅಲ್ಲಿ ದೊಡ್ಡ ಮನೆತನದ ಸೇನಾಧಿಪತಿಯೊಬ್ಬ ಹಡಗಿನವರು, ಕಳ್ಳರು, ಓಡಿಬಂದ ಗುಲಾಮರು, ಹೆಣದ ಪೆಟ್ಟಿಗೆ ಮಾಡುವವರು ಇವರ ನಡುವೆ ಬಿದ್ದಿರುತ್ತಾನಂತೆ. ಜುವೆನಲ್‌ಗೆ ತಡೆಯಲಾರದ ಸಿಟ್ಟು ಯಾವುದರ ಮೇಲೆ ಗೊತ್ತಾ? ಅಲ್ಲಿ ಎಲ್ಲರೂ ಸಮ, ಯಾರಿಗೂ ಬೇರೆ ಮೇಜು ಇಲ್ಲ, ಕುಡಿಯುವ ಬಟ್ಟಲುಗಳು ಎಲ್ಲರಿಗೂ ಒಂದೇ ಅನ್ನೋದರ ಮೇಲೆ!

ಇದನ್ನು ಓದಿದಾಗ ನನಗೆ ಚುರಕ್ ಅಂತು. ನಮ್ಮ ಸಂವಿಧಾನ 1950ರಲ್ಲಿ ಜಾರಿಗೆ ಬಂದಾಗ, ಅದರ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣಕ್ಕೆ ಯಾರನ್ನೂ ಒಳಗೆ ಬಿಡದೇ ಇರುವಂತಿಲ್ಲ ಅಂತ ಬರೆದರು. ಕೆರೆ, ಬಾವಿ, ರಸ್ತೆಯ ಜೊತೆಗೆ ಹೋಟೆಲು! ಎಂಥಾ ದೊಡ್ಡ ಗ್ರಂಥದಲ್ಲಿ ಚಾದಂಗಡಿಗೆ ಜಾಗ ಸಿಕ್ಕಿದೆ ನೋಡಿ. 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆ ಬಂದು, ಹೋಟೆಲಿನ ಪಾತ್ರೆ ಮುಟ್ಟಗೊಡದೇ ಇರುವುದಕ್ಕೂ ಶಿಕ್ಷೆ ಅಂತಾಯ್ತು.

ಇದು ನನಗೆ ಪುಸ್ತಕದ ವಿಷಯ. ಅಜ್ಜನಿಗೆ ಅಲ್ಲ. ಆವತ್ತು ಸಂಜೆ ಅಣ್ಣಿಗೇರಿಯಿಂದ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದೆ. ತಿನ್ನುತ್ತಾ ಕೂತಾಗ, ಹುಬ್ಬಳ್ಳಿಗೆ ಹತ್ತಿ ಹೇರಿಕೊಂಡು ಹೋಗುತ್ತಿದ್ದ ದಿನಗಳ ಬಗ್ಗೆ ಮತ್ತೆ ಕೇಳಿದೆ. 1960ರ ದಶಕದ ಮಾತು. ಎರಡು ಚಕ್ಕಡಿ. ಒಂದನ್ನು ಅಜ್ಜ ಹೊಡೆದರೆ ಇನ್ನೊಂದನ್ನು ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಒಬ್ಬರು. ಊರ ಹೊರಗಿನ ಕೇರಿಯವರು, ಅಜ್ಜನ ವಾರಿಗೆಯವರೇ. ದಾರಿಯಲ್ಲಿ ಒಂದು ಹೋಟೆಲ್, ನಸುಕಿನಲ್ಲಿ ಅಲ್ಲಿ ಎತ್ತು ಬಿಚ್ಚಿ ಚಾ ಕುಡಿಯುವುದು.

"ಇಬ್ರೂ ಕೂಡೇ ಕುಡೀತಿದ್ರೇನು?"

"ನಾ ಒಳಗ. ಅಂವಗ ಹೊರಗ, ಕಂಬಕ್ಕ ಒಂದು ಕಪ್ಪು ತೂಗ ಹಾಕಿರ್ತಿದ್ರು. ತಾನ ತಗೊಂಡು, ತೊಳಕೊಂಡು ಹಿಡೀಬೇಕು. ಮ್ಯಾಲಿಂದ ಸುರೀತಿದ್ರು."

"ನೀ ಏನೂ ಅನ್ನಲಿಲ್ಲಾ?"

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದ. "ಏನನ್ನೂದು? ಹಂಗ ಇತ್ತು. ನನಗ ಏನೂ ಅನಿಸಿರಲೇ ಇಲ್ಲ."

ನಾನು ಬುತ್ತಿಯ ಬಗ್ಗೆ ಕೇಳಿದೆ. ಬುತ್ತಿಯಾದರೂ ಕೂಡಿ ಉಣ್ಣುತ್ತಿದ್ದರೋ ಏನೋ ಅನ್ನೋ ಆಸೆ ನನ್ನದು. "ಅಂವಂದ ಬ್ಯಾರೆ, ನಂದ ಬ್ಯಾರೆ. ಚಟ್ನಿ ಅಷ್ಟ ಕೊಡ್ತಿದ್ದೆ" ಅಂದ. ಹೇಗೆ ಕೊಡುತ್ತಿದ್ದೆ ಅಂತ ನಾನು ಕೇಳಲಿಲ್ಲ. ಅಜ್ಜನೇ ಕೈ ಎತ್ತಿ ಮೇಲಿನಿಂದ ಬಿಡುವ ಹಾಗೆ ತೋರಿಸಿದ.

ಈಗ ನಮ್ಮೂರ ಚಾದಂಗಡಿಯಲ್ಲಿ ಎಲ್ಲರಿಗೂ ಪೇಪರ್ ಕಪ್ಪು. ಕುಡಿದು ಬಿಸಾಕಿದರೆ ಆಯ್ತು, ಯಾರೂ ಯಾರದ್ದನ್ನೂ ತೊಳೆಯಬೇಕಿಲ್ಲ. ಇದರಿಂದ ಪ್ರಶ್ನೆ ಬಗೆಹರಿಯಿತೋ, ಇಲ್ಲಾ ಕೇಳುವ ಪ್ರಸಂಗವೇ ತಪ್ಪಿತೋ, ನನಗಂತೂ ಎರಡನೆಯದೇ ಅನಿಸುತ್ತದೆ. ಆ ದಾರಿಯ ಹೋಟೆಲ್ ಈಗಿಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತಂತೆ.

ಮಿರ್ಚಿ ಆರುತ್ತಿತ್ತು. ನಾನು ಮಾತು ಮುಗಿಯಿತು ಅಂದುಕೊಂಡಿದ್ದೆ. ಅಜ್ಜ ತಾನಾಗಿಯೇ ಶುರು ಮಾಡಿದ.

"ಒಂದಿನ ನಾನ ಅಂದೆ, ನಡೀಪಾ, ಚಾ ಕುಡ್ಯೂಣು ಅಂತ. 'ನನಗ ಚಾ ಒಗ್ಗಂಗಿಲ್ರೀ ಧಣೇರ, ಪಿತ್ತ ಆಕ್ಕೈತಿ' ಅಂದ. ಆವತ್ತಿಂದ ಬಿಟ್ಟಬಿಟ್ಟ. ನಾ ಒಳಗ ಹೋದ್ರ ಅಂವ ಎತ್ತಿನ ಕಡೆ ಕುಂದರ್ತಿದ್ದ. ಪಿತ್ತ ಅಂದ್ರ ಪಿತ್ತ ಅಂತ ನಾನೂ ಸುಮ್ನಾದೆ. ಮುಂದ ಭಾಳ ವರ್ಷದ ಮ್ಯಾಲೆ ಅಂವ ತೀರಿಕೊಂಡಾಗ ಅವರ ಕೇರಿಗೆ ಹೋಗಿದ್ದೆ. ಅಂವನ ಹೇಣ್ತಿ ಅಳಕೋತ ಹೇಳಿದ್ಲು, ದಿನಾ ನಸುಕಿನ್ಯಾಗ ಎದ್ದು ತಾನ ಒಲಿ ಹಚ್ಚಿ ಚಾ ಮಾಡ್ತಿದ್ನಂತ, ಎರಡೆರಡ ಕಪ್ಪು ಕುಡೀತಿದ್ನಂತ."

ಅಜ್ಜ ಮಿರ್ಚಿಯ ತುಂಬು ಮುರಿದು ಪೇಪರಿನ ಅಂಚಿಗಿಟ್ಟ. ಆಮೇಲೆ ಅದನ್ನು ತಿನ್ನಲೂ ಇಲ್ಲ.